ಎಡಕ್ಕೆ ಕಮರಿ, ಬಲಕ್ಕೆ ತೋಟ

ಆ ಊರಿಗೆ ಒಂದೇ ಬಾಗಿಲು. ಬಾಗಿಲು ಬಿಟ್ಟರೆ ಉಳಿದದ್ದೆಲ್ಲ ಗೋಡೆ. ಗೋಡೆ ಎಷ್ಟು ಎತ್ತರವೆಂದರೆ ಒಳಗಿದ್ದವರಿಗೆ ಆಕಾಶವೊಂದನ್ನು ಬಿಟ್ಟು ಹೊರಗಿನದೇನೂ ಕಾಣುತ್ತಿರಲಿಲ್ಲ. ಒಳಗೇ ಬಾವಿ, ಒಳಗೇ ಹೊಲ, ಒಳಗೇ ಸುಡುಗಾಡು. ಜನ ಒಳಗೇ ಹುಟ್ಟಿ, ಒಳಗೇ ಬೆಳೆದು, ಒಳಗೇ ಮಣ್ಣಾಗುತ್ತಿದ್ದರು. ಹೊರಗೆ ಏನಿದೆ ಎಂದು ನೋಡಿಕೊಂಡು ಬರುವುದಕ್ಕೆ ಊರು ಇಬ್ಬರನ್ನು ಇಟ್ಟುಕೊಂಡಿತ್ತು. ಒಬ್ಬರು ಮುಂದಿನವರು. ಇನ್ನೊಬ್ಬರು ಹಿಂದಿನವರು.

ಬಾಗಿಲಿನಿಂದ ಹೊರಟು ಒಂದು ಉದ್ದನೆಯ ದಿಣ್ಣೆ ಹಾವಿನ ಬೆನ್ನಿನಂತೆ ಚಾಚಿಕೊಂಡಿತ್ತು. ದಿಣ್ಣೆಯ ಮೇಲೆ ಒಬ್ಬರು ನಡೆಯುವಷ್ಟು ಅಗಲದ ಕಾಲುಹಾದಿ. ಹಾದಿಯುದ್ದಕ್ಕೂ ನಲವತ್ತು ಕಲ್ಲು. ದಿನವೂ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಬಾಗಿಲು ತೆರೆಯುತ್ತಿತ್ತು. ಮುಂದಿನವರು ಕೋಲು ಹಿಡಿದು ಮುಂದೆ, ಹಿಂದಿನವರು ಕೊಡ ಹೊತ್ತು ಹಿಂದೆ. ಮುಂದಿನವರು ಪ್ರತಿ ಕಲ್ಲಿಗೂ ಕೋಲು ಮುಟ್ಟಿಸಬೇಕು, ಹಿಂದಿನವರು ಅದೇ ಕಲ್ಲಿಗೆ ಅಂಗೈಯಷ್ಟು ನೀರು ಬಿಡಬೇಕು. ನಲವತ್ತನೆಯ ಕಲ್ಲು ಮುಟ್ಟಿ ತಿರುಗಿ ಬರಬೇಕು. ಹೋಗುವಾಗ ಎಡಕ್ಕಿದ್ದದ್ದು ಬರುವಾಗ ಬಲಕ್ಕಾಗುತ್ತದೆ, ನಿಜ; ಆದರೆ ಬರುವಾಗ ಇಬ್ಬರೂ ಮಾತಾಡುವಂತಿರಲಿಲ್ಲ, ಹಾಗಾಗಿ ಅದನ್ನು ಯಾರೂ ಗಣನೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ದಿನ ನಡಿಗೆ ತಪ್ಪಿದರೂ ಎಡಗಡೆಯ ಕಮರಿ ದಿಣ್ಣೆಯನ್ನು ಕೊರೆದುಕೊಂಡು ಊರಬಾಗಿಲಿಗೆ ಬಂದುಬಿಡುತ್ತದೆ ಎಂದು ಜನ ನಂಬಿದ್ದರು.

ಹಿಂದಿನವರು ನೋಡುವಂತಿಲ್ಲ. ಅದು ಕಟ್ಟಳೆ. ಕರಿಕಂಬಳಿಯ ಕೊಪ್ಪೆ ಹಾಕಿಕೊಂಡು, ಅದರ ಅಂಚನ್ನು ಎರಡೂ ಕೆನ್ನೆಗೆ ಎಳೆದುಕೊಂಡು, ಮುಂದಿನವರ ಹಿಂಗತ್ತನ್ನು ಮಾತ್ರ ನೋಡುತ್ತ ನಡೆಯಬೇಕು. ಲೋಕದಲ್ಲಿ ಏನೇನಿದೆ ಎಂಬುದನ್ನು ಮುಂದಿನವರು ಹೇಳುತ್ತಾರೆ, ಹಿಂದಿನವರು ಕೇಳಿಸಿಕೊಳ್ಳುತ್ತಾರೆ. ಮುಂದಿನವರು ಸತ್ತ ದಿನ ಹಿಂದಿನವರು ಕೊಪ್ಪೆ ಕಳಚಿ ಮುಂದಿನವರಾಗುತ್ತಾರೆ. ಕೊಪ್ಪೆ ಇನ್ನೊಂದು ತಲೆಗೆ ಹೋಗುತ್ತದೆ.

ಇದು ಹಿಂದಿನವಳೊಬ್ಬಳಿಗೆ ಆದದ್ದು.

ಅವಳು ಹಿಂದಿನವಳಾದಾಗ ಒಂಬತ್ತು ವರ್ಷ. ಮುಂದಿನವರನ್ನು ಅವಳು ಅಯ್ಯ ಎನ್ನುತ್ತಿದ್ದಳು, ಅವರು ಅವಳನ್ನು ಮಗಳೇ ಎನ್ನುತ್ತಿದ್ದರು. ಅದಕ್ಕೆ ಮೊದಲು ಮೂರು ವರ್ಷ ಅಯ್ಯನ ಹಿಂದೆ ಯಾರೂ ಇರಲಿಲ್ಲವಂತೆ. ಒಬ್ಬರೇ ಕೋಲು ಮುಟ್ಟಿಸಿ, ಒಬ್ಬರೇ ನೀರು ಬಿಟ್ಟು ಬರುತ್ತಿದ್ದರಂತೆ. ಹಾಗೆ ಒಂದು ಮಧ್ಯಾಹ್ನ ನಡೆಯುವಾಗ ಬೆನ್ನ ಹಿಂದೆ ಹೆಜ್ಜೆಯ ಸಪ್ಪಳ ಕೇಳಿಸಿತು. ತಿರುಗುವಂತಿಲ್ಲ. ಹಾದಿಯ ಮೇಲೆ ಬೆನ್ನ ಹಿಂದೆ ಯಾರು ಕಾಲಿಟ್ಟರೂ ಅವರು ಹಾದಿಗೇ ಸೇರಿದವರು. ಅಯ್ಯ ನಡೆದರು, ಹೆಜ್ಜೆಯೂ ಬಂತು. ಊರಬಾಗಿಲು ದಾಟಿದ ಮೇಲೆ ತಿರುಗಿ ನೋಡಿದರೆ ಒಂದು ಹೆಣ್ಣುಮಗು.

ಈ ಸಂಗತಿಯನ್ನು ಅಯ್ಯ ಎಷ್ಟೋ ಸಲ ಹೇಳಿದ್ದರು. ನೀನು ಕಮರಿಯಿಂದ ಹತ್ತಿ ಬಂದವಳು, ಹತ್ತಿ ಬಂದವರು ನಿನ್ನನ್ನು ಬಿಟ್ಟರೆ ಯಾರೂ ಇಲ್ಲ, ಅಲ್ಲಿ ಬೆಳಕಿಲ್ಲ, ತಳವಿಲ್ಲ, ಬಿದ್ದವರು ಇನ್ನೂ ಬೀಳುತ್ತಲೇ ಇದ್ದಾರೆ ಎಂದು ಹೇಳುತ್ತಿದ್ದರು. ಮೊದಮೊದಲು ಅವಳಿಗೆ ಏನೇನೋ ನೆನಪಿತ್ತು, ಒಂದು ಒಲೆ, ಒಂದು ಸೆರಗು. ಕೇಳುತ್ತ ಕೇಳುತ್ತ ಒಲೆ ಆರಿತು. ಸೆರಗು ಕತ್ತಲಾಯಿತು. ಕೊನೆಗೆ ಕಮರಿಯ ಗೋಡೆಯನ್ನು ಉಗುರಲ್ಲಿ ಹಿಡಿದು ಹತ್ತಿದ್ದೇ ಅವಳಿಗೆ ನೆನಪಾಗತೊಡಗಿತು.

ಮನೆಯಲ್ಲಿ ಅಯ್ಯನಿಗೆ ಮಾತು ಕಮ್ಮಿ. ಹೆಂಡತಿಯ ಪಕ್ಕ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಬೆಲ್ಲದ ಚೂರು ಕಂಡರೆ ಮಗುವಿನ ಹಾಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಹಾದಿಗೆ ಬಿದ್ದರೆ ಮಾತ್ರ ಅವರ ದನಿಗೆ ಬೇರೆಯೇ ಜೀವ ಬರುತ್ತಿತ್ತು.

“ಎಡಕ್ಕೆ ಕಮರಿ ಇದೆ ಮಗಳೇ. ಬಲಕ್ಕೆ ವಾಲಿಕೊಂಡು ನಡಿ.”

ಅವಳು ಬಲಕ್ಕೆ ವಾಲಿ ನಡೆಯುತ್ತಿದ್ದಳು. ನಡೆದು ನಡೆದು ಅವಳ ಬಲಗಾಲು ಒಂದು ಬೆರಳಿನಷ್ಟು ಗಿಡ್ಡವಾದಂತೆ ಕಾಣುತ್ತಿತ್ತು.

ಹತ್ತನೆಯ ಕಲ್ಲು ದಾಟಿದ ಮೇಲೆ ಎಡಗಡೆಯಿಂದ ಒಂದು ಹೆಂಗಸಿನ ದನಿ ಬರುತ್ತಿತ್ತು. ಕೆಂಚೀ, ಕೆಂಚೀ ಎಂದು ಕೂಗುತ್ತಿತ್ತು. ಅದು ಕಮರಿಯ ದನಿ, ಅದಕ್ಕೆ ಎಲ್ಲರ ಹೆಸರೂ ಗೊತ್ತು ಎಂದು ಅಯ್ಯ ತಿಳಿಸಿಕೊಟ್ಟಿದ್ದರು. ಆಗ ಇಬ್ಬರೂ ನಿಂತು, ಕೇಳಲಿಲ್ಲ, ಕೇಳಲಿಲ್ಲ, ಕೇಳಲಿಲ್ಲ ಎಂದು ಮೂರು ಸಲ ಹೇಳಿ ಮುಂದೆ ಹೋಗಬೇಕು. ಒಂಬತ್ತು ವರ್ಷ ಆ ದನಿ ಹಾಗೇ ಕೂಗಿತು. ಆಮೇಲೆ ಕೆಲವು ದಿನ ನಿಂತಿತು. ಮತ್ತೆ ಶುರುವಾದಾಗ ದನಿ ಎಳೆಯದಾಗಿತ್ತು, ಅಕ್ಕಾ, ಅಕ್ಕಾ ಎನ್ನುತ್ತಿತ್ತು. ಅಯ್ಯ ನಕ್ಕರು. ಇಷ್ಟು ದಿನ ಹೆಸರು ಹಿಡಿದು ಕೂಗುತ್ತಿತ್ತು, ಈಗ ವಾವೆ ಹಿಡಿದು ಕೂಗುತ್ತಿದೆ, ಜಾಣತನ ಬಂದಿದೆ ಅದಕ್ಕೆ ಎಂದರು. ಅವಳೂ ನಕ್ಕಳು. ಇಬ್ಬರೂ ಮೂರು ಸಲ ಕೇಳಲಿಲ್ಲ ಎಂದರು.

ಇಪ್ಪತ್ತನೆಯ ಕಲ್ಲಿನಿಂದಾಚೆ ಬಲಕ್ಕೆ ತೋಟ. ಅವಳು ಬದುಕಿದ್ದು ಆ ತೋಟಕ್ಕಾಗಿ ಎಂದರೂ ತಪ್ಪಲ್ಲ. ಹಲಸು, ಮಾವು, ಗಂಧದ ಬಾಳೆ. ನಡುವೆ ಹೆಂಚಿನ ಮನೆ. ಜಗುಲಿಯ ಮೇಲೆ ಬಿಳೀ ಛತ್ರಿ ಇಟ್ಟುಕೊಂಡು ಕೂತ ಮುದುಕಪ್ಪ. ಹಸಿರು ಸೀರೆಯ ಒಬ್ಬಳು. ಅಯ್ಯ ದಿನವೂ ಅವರ ಸಮಾಚಾರ ಹೇಳುತ್ತಿದ್ದರು. ಇವತ್ತು ಹಸಿರು ಸೀರೆಯವಳು ತಲೆಗೆ ನೀರು ಹಾಕಿಕೊಂಡಿದ್ದಾಳೆ. ಇವತ್ತು ಮುದುಕಪ್ಪ ಛತ್ರಿ ಮರೆತಿದ್ದಾನೆ, ಮೊಮ್ಮಗ ತಂದುಕೊಟ್ಟ. ಇವತ್ತು ನಮ್ಮನ್ನು ನೋಡಿ ಕೈ ಎತ್ತಿದರು, ನೀನೂ ಎತ್ತು ಮಗಳೇ. ಅವಳು ಬಲಗೈ ಎತ್ತುತ್ತಿದ್ದಳು. ವರ್ಷಗಳು ಉರುಳಿದ ಹಾಗೆ ಆ ಮೊಮ್ಮಗನಿಗೆ ಮದುವೆಯಾಯಿತು. ಮುದುಕಪ್ಪ ತೀರಿಕೊಂಡ. ಆ ದಿನ ಅವಳು ಮನೆಗೆ ಬಂದು ಅನ್ನ ಮುಟ್ಟಲಿಲ್ಲ. ಅಯ್ಯನೂ ಮುಟ್ಟಲಿಲ್ಲ. ಅಯ್ಯನ ಹೆಂಡತಿ ಇಬ್ಬರ ತಟ್ಟೆಯನ್ನೂ ನೋಡುತ್ತ ಕೂತಿದ್ದಳು.

ಹೀಗೆ ಮೂವತ್ತೊಂದು ವರ್ಷ.

ಒಂದು ಮಧ್ಯಾಹ್ನ ಇಪ್ಪತ್ತೆರಡನೆಯ ಕಲ್ಲಿನ ಹತ್ತಿರ ಅಯ್ಯ ಮಾತಾಡುತ್ತಿದ್ದರು. “ಹಸಿರು ಸೀರೆಯವಳು ಇವತ್ತು ಬೇಲಿಯ ತನಕ ಬಂದಿದ್ದಾಳೆ ಮಗಳೇ. ಕೈಯಲ್ಲಿ ಏನೋ ಹಿಡಿದಿದ್ದಾಳೆ. ನಿನಗೆ ಅಂತಲೇ ಏನೋ...”

ಅಲ್ಲಿಗೆ ಮಾತು ನಿಂತಿತು. ಅವಳ ಕಣ್ಣ ಮುಂದಿದ್ದ ಹಿಂಗತ್ತು ಇಲ್ಲವಾಯಿತು. ಅಯ್ಯ ಹಾದಿಯ ಮೇಲೆ ಬಿದ್ದಿದ್ದರು.

ಮುಂದಿನವರು ಬಿದ್ದರೆ ಹಿಂದಿನವರು ದಾಟಿ ಹೋಗಬೇಕು, ನಲವತ್ತನೆಯ ಕಲ್ಲು ಮುಟ್ಟಿಯೇ ತಿರುಗಬೇಕು. ಅವಳು ಕೋಲು ಎತ್ತಿಕೊಂಡಳು. ಅಯ್ಯನನ್ನು ದಾಟಿದಳು. ಉಳಿದ ಕಲ್ಲುಗಳಿಗೆ ಕೋಲನ್ನೂ ನೀರನ್ನೂ ಮುಟ್ಟಿಸಿದಳು. ಬರುವಾಗ ಅವರನ್ನು ಬೆನ್ನ ಮೇಲೆ ಎತ್ತಿಕೊಂಡು ಬಂದಳು. ಕೊಪ್ಪೆಯ ಅಂಚು ಕೆನ್ನೆಗೆ ಅಂಟಿಕೊಂಡಿತ್ತು, ಬೆವರಿಗೋ ಕಣ್ಣೀರಿಗೋ. ಅತ್ತ ಇತ್ತ ನೋಡಲಿಲ್ಲ. ಬಾಗಿಲಲ್ಲಿ ನಾಲ್ಕು ಜನ ಬಂದು ಅಯ್ಯನನ್ನು ಹೊತ್ತುಕೊಂಡು ಹೋದರು. ಒಬ್ಬರು ಬಂದು ಅವಳ ಕೊಪ್ಪೆ ಕಳಚಿದರು.

ಕೊಪ್ಪೆ ಊರಿನ ಕುಂಬಾರನ ತಲೆಗೆ ಹೋಯಿತು. ಐವತ್ತು ದಾಟಿದ ಮನುಷ್ಯ. ಹೆಂಡತಿ ಸತ್ತ ಮೇಲೆ ತಿರುಗುವ ತಿಗರಿಯನ್ನು ನೋಡಿದರೆ ತಲೆ ಸುತ್ತುತ್ತದೆ, ನೆಟ್ಟಗೆ ಹೋಗುವ ಒಂದು ಹಾದಿಯಾದರೂ ಸಿಗಲಿ ಎಂದು ತಾನಾಗಿ ಕೇಳಿಕೊಂಡು ಬಂದಿದ್ದ. ಊರು ಅಂದಿನಿಂದ ಅವಳನ್ನು ಮುಂದಿನವಳು ಎಂದು ಕರೆಯಿತು. ಆದರೆ ಅವಳು ತನ್ನನ್ನು ಹಿಂದಿನವಳು ಎಂದೇ ಅಂದುಕೊಳ್ಳುತ್ತಿದ್ದಳು. ನಾವೂ ಹಾಗೇ ಕರೆಯೋಣ.

ಮರುದಿನ ಮಧ್ಯಾಹ್ನ ಬಾಗಿಲು ತೆರೆಯಿತು. ಹಿಂದಿನವಳು ಬರಿತಲೆಯಲ್ಲಿ ಹಾದಿಗೆ ಕಾಲಿಟ್ಟಳು. ಮೊದಲು ಬೆಳಕಿಗೆ ಕಣ್ಣು ಕತ್ತಲಾಯಿತು. ಆಮೇಲೆ ಎಡಕ್ಕೆ ನೋಡಿದಳು.

ಎಡಕ್ಕೆ ಕಮರಿ ಇರಲಿಲ್ಲ. ಕೆಂಪು ಮಣ್ಣಿನ ಒಂದು ಇಳಿಜಾರು. ಮಗು ಉರುಳಿದರೂ ಪೆಟ್ಟಾಗದಂಥ ಇಳಿಜಾರು. ಕೆಳಗೆ ಮೂವತ್ತು ಗುಡಿಸಲು, ಮುಳ್ಳುಬೇಲಿ, ಮೇಕೆ, ಒಲೆಯ ಹೊಗೆ. ಬುಡದಲ್ಲಿ ಒಂದು ಬಂಡೆಯ ಮೇಲೆ ಒಬ್ಬ ಹೆಂಗಸು ನಿಂತು ಮೇಲಕ್ಕೆ ನೋಡುತ್ತಿದ್ದಳು. ಅವಳು ಕೂಗಲಿಲ್ಲ. ದೆವ್ವ ಕಂಡವಳಂತೆ ಬಾಯಿಗೆ ಕೈ ಹಿಡಿದು ನಿಂತಿದ್ದಳು.

ಹಿಂದಿನವಳು ಬಲಕ್ಕೆ ತಿರುಗಿದಳು. ತೋಟ ಇರಲಿಲ್ಲ. ಬಿಳೀ ಚೌಳು ನೆಲ ಕಣ್ಣು ಹೋಗುವ ತನಕ ಬಿದ್ದುಕೊಂಡಿತ್ತು. ಒಂದು ಹುಲ್ಲಿನ ಎಸಳಿಲ್ಲ. ಒಂದು ಹಕ್ಕಿಯ ನೆರಳಿಲ್ಲ. ಮೂವತ್ತೊಂದು ವರ್ಷ ಅವಳು ಕೈ ಎತ್ತಿದ್ದು ಇದಕ್ಕೆ. ಕಮರಿ ಇಲ್ಲದ್ದಕ್ಕಿಂತ ತೋಟ ಇಲ್ಲದ್ದೇ ಅವಳಿಗೆ ದೊಡ್ಡ ನಷ್ಟವಾಯಿತು. ಸತ್ತ ಮುದುಕಪ್ಪ ಇನ್ನೊಮ್ಮೆ ಸತ್ತ. ಅವನ ಜೊತೆ ಎಲ್ಲರೂ ಸತ್ತರು.

“ತಾಯಿ, ಎಡಕ್ಕೆ ಏನಿದೆ?” ಕುಂಬಾರ ಹಿಂದಿನಿಂದ ಕೇಳಿದ.

ಅವಳು ಬಾಯಿ ತೆರೆದಳು. ಬಂದದ್ದು ಅವಳ ದನಿಯೇ, ಆದರೆ ಅದರ ಏರಿಳಿತ ಅಯ್ಯನದು. “ಎಡಕ್ಕೆ ಕಮರಿ ಇದೆ ಕುಂಬಾರಣ್ಣ. ಬಲಕ್ಕೆ ವಾಲಿಕೊಂಡು ನಡಿ.”

ತೋಟದವರು ಚೆನ್ನಾಗಿದ್ದಾರೆಯೇ ಎಂದೂ ಅವನು ಕೇಳಿದ. ಅಯ್ಯ ಸಾಯಂಕಾಲ ಬಾಗಿಲಲ್ಲಿ ನಿಂತು ಹೇಳುತ್ತಿದ್ದ ತೋಟದ ಸಮಾಚಾರವನ್ನು ಊರಿಗೆ ಊರೇ ಕೇಳಿಸಿಕೊಂಡು ಬೆಳೆದಿತ್ತು. ಚೆನ್ನಾಗಿದ್ದಾರೆ ಎಂದಳು. ಕುಂಬಾರ ಸಂತೋಷದಿಂದ ಆ ಬಿಳೀ ನೆಲದ ಕಡೆಗೆ ಕೈ ಎತ್ತಿದ್ದು ಅವಳಿಗೆ ತಿರುಗದೆಯೂ ತಿಳಿಯಿತು. ಕೊಡದ ನೀರು ತುಳುಕಿದ ಸದ್ದಾಯಿತು.

ತಿರುಗಿ ಬಂದಾಗ ಬಾಗಿಲು ಕಾಯುವವನು ಒಳಗಿನಿಂದ ಎಂದಿನಂತೆ ಕೇಳಿದ, ಎಡ ಏನು, ಬಲ ಏನು ಎಂದು. ಎಡಕ್ಕೆ ಕಮರಿ, ಬಲಕ್ಕೆ ತೋಟ ಎಂದಳು. ಬಾಗಿಲು ತೆರೆಯಿತು.

ಅಂದು ಅವಳು ಉಣ್ಣಲಿಲ್ಲ.

ಬೆಳಿಗ್ಗೆ ಅಯ್ಯನ ಹೆಂಡತಿ ಅವಳನ್ನು ಬಿಸಿಲಿಗೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಮೂವತ್ತೊಂದು ವರ್ಷ ಬಾಚಿದ ಕೈ. ಕೊಪ್ಪೆ ಹೋದ ಮೇಲೆ ಕೂದಲು ಹಗುರವಾಗಿದೆ ಎಂದಳು. ಆಮೇಲೆ ಸಿಕ್ಕು ಬಿಡಿಸುತ್ತ ಹೇಳಿದಳು.

“ಅವರೂ ಮುಂದಿನವರಾದ ಮೊದಲ ದಿನ ಉಣ್ಣಲಿಲ್ಲ. ಅಲ್ಲಿ ಏನೂ ಇಲ್ಲ ಕಣೆ ಅಂದರು. ಎರಡನೇ ದಿನ ಬಂದು, ಇರಲೇಬೇಕು ಅಂದರು. ಮೂರನೇ ದಿನ ಹೊಟ್ಟೆ ತುಂಬ ಉಂಡರು. ಇದೆ ಅಂದರು. ಅವತ್ತಿನಿಂದ ಅವರಿಗೆ ಕಾಣುತ್ತಲೇ ಇತ್ತು. ನಿನಗೆ ಸುಳ್ಳು ಹೇಳಿದರು ಅಂತ ತಿಳಿಯಬೇಡ.”

ಹಿಂದಿನವಳು ತಾನು ಎಲ್ಲಿಂದ ಬಂದವಳು ಎಂದು ಕೇಳಿದಳು. ಹಣಿಗೆ ಕೂದಲಲ್ಲಿ ನಿಂತಿತು.

“ನಿನ್ನನ್ನು ಕರೆದುಕೊಂಡು ಬಂದಾಗ ನಿನ್ನ ಕೈಯಲ್ಲಿ ಮೇಕೆ ಕಟ್ಟುವ ಹಗ್ಗ ಇತ್ತು. ಕಮರಿಯಲ್ಲಿ ಮೇಕೆ ಯಾರು ಸಾಕುತ್ತಾರೆ ಅಂತ ನಾನು ಕೇಳಲಿಲ್ಲ. ನನಗೆ ಮಕ್ಕಳಿರಲಿಲ್ಲ.”

ಅಷ್ಟು ಹೇಳಿ ಜಡೆ ಹೆಣೆದಳು. ಹೆಣೆದ ಮೇಲೂ ಅವಳ ಕೈ ಹಿಂದಿನವಳ ಹೆಗಲ ಮೇಲೆ ಉಳಿಯಿತು. ಹಿಂದಿನವಳು ಆ ಕೈ ಹಿಡಿದುಕೊಳ್ಳಲೂ ಇಲ್ಲ, ತಳ್ಳಲೂ ಇಲ್ಲ.

ಎರಡನೆಯ ದಿನ ಇಳಿಜಾರು ಇತ್ತು. ಆದರೆ ಅದರ ಉದ್ದಕ್ಕೂ ಕೂದಲೆಳೆಯಂತೆ ಒಂದು ಕಪ್ಪು ಗೆರೆ ಕಂಡಿತು. ಗೆರೆ ಹದಿನೈದನೆಯ ಕಲ್ಲಿನ ಹೊತ್ತಿಗೆ ಬೆರಳಗಲವಾಯಿತು. ಅದರಾಚೆಯ ಗುಡಿಸಲುಗಳು ಒಗೆದು ಒಗೆದು ಮಾಸಿದ ಬಟ್ಟೆಯ ಬಣ್ಣಕ್ಕೆ ತಿರುಗಿದ್ದವು. ಬಂಡೆಯ ಮೇಲೆ ಆ ಹೆಂಗಸು ನಿಂತಿದ್ದಳು. ಅವಳ ಮುಖ ಮಾತ್ರ ಇಂದು ಸರಿಯಾಗಿ ಕಾಣಿಸಲಿಲ್ಲ. ಬಲಕ್ಕೆ, ಬಿಳೀ ನೆಲದ ಕೊನೆಯಲ್ಲಿ, ಪಾಚಿ ಕಟ್ಟಿದಂತೆ ಒಂದಿಷ್ಟು ಹಸಿರು. ಹಿಂದಿನವಳು ಅದನ್ನು ನೋಡಬಾರದೆಂದುಕೊಂಡಳು, ನೋಡಿದಳು. ನೋಡಿದಷ್ಟೂ ಅದು ಹತ್ತಿರ ಬಂತು. ಕುಂಬಾರ ತೋಟದ ವಿಷಯ ಕೇಳಿದಾಗ ಅವಳು ಹೇಳತೊಡಗಿದಳು. ಹಲಸಿನ ಮರದಲ್ಲಿ ಎಷ್ಟು ಕಾಯಿ ಇದೆ ಎಂದು ಹೇಳಿದಳು, ಮೊಮ್ಮಗನ ಹೆಂಡತಿ ಬಸುರಿ ಎಂದು ಹೇಳಿದಳು. ಹೇಳುತ್ತ ಹೇಳುತ್ತ ಬಾಯಿಗೆ ಸಿಹಿ ಬಂತು. ಹೇಳಿ ಮುಗಿಸಿದ ಮೇಲೆ ಅವಳಿಗೆ ತನ್ನದೇ ಭಯವಾಯಿತು.

ಅಂದು ಸಂಜೆ ಅರ್ಧ ಊಟ ಮಾಡಿದಳು.

ಮೂರನೆಯ ದಿನ ಬಾಗಿಲು ದಾಟಿ ಎಡಕ್ಕೆ ಕಣ್ಣು ಹಾಯಿಸಿದಳು. ಹಾದಿಯ ಅಂಚಿನಲ್ಲಿಯೇ ನೆಲ ಮುಗಿದಿತ್ತು. ಅಲ್ಲಿಂದ ಕೆಳಗೆ ಬರೀ ನೀಲಿ. ನೀಲಿಯ ಕೆಳಗೆ ಇನ್ನೂ ಗಾಢವಾದ ನೀಲಿ. ಅವಳ ಕಾಲಿಗಿಂತ ಎಷ್ಟೋ ಕೆಳಗೆ ಹದ್ದುಗಳು ಹಾರುತ್ತಿದ್ದವು, ಅವುಗಳ ಬೆನ್ನು ಕಾಣುತ್ತಿತ್ತು. ಗುಡಿಸಲಿಲ್ಲ, ಹೊಗೆಯಿಲ್ಲ, ಬಂಡೆಯಿಲ್ಲ. ಕಮರಿ ಇತ್ತು. ಅಯ್ಯ ಹೇಳಿದ ಹಾಗೆಯೇ ಇತ್ತು.

ಬಲಕ್ಕೆ ತೋಟ. ಇಪ್ಪತ್ತನೆಯ ಕಲ್ಲಿನ ತನಕ ಕಾಯಲಿಲ್ಲ ಅದು, ಬಾಗಿಲಿನ ಪಕ್ಕದಿಂದಲೇ ಶುರುವಾಗಿತ್ತು. ಮಾವಿನ ಎಲೆಯ ತಂಪು ಮುಖಕ್ಕೆ ತಾಗಿತು. ಹೆಂಚಿನ ಮನೆ, ಜಗುಲಿ, ಯಾರೂ ಕೂರದ ಜಾಗದಲ್ಲಿ ಒರಗಿಸಿಟ್ಟ ಬಿಳೀ ಛತ್ರಿ. ಬೇಲಿಯ ತನಕ ಬಂದು ನಿಂತಿದ್ದಳು ಹಸಿರು ಸೀರೆಯವಳು, ಇನ್ನೂ ಬೆನ್ನು ಮಾಡಿಕೊಂಡು. ಅವಳ ಮೊಣಕೈ ಮಡಿಸಿತ್ತು. ಕೈಯಲ್ಲಿ ಏನೋ ಇತ್ತು. ಅಯ್ಯ ಹೇಳದೆ ಬಿಟ್ಟುಹೋದದ್ದು ಅದು. ಇನ್ನು ಹನ್ನೆರಡು ಕಲ್ಲು ದಾಟಿದರೆ ಅವಳು ತಿರುಗುತ್ತಾಳೆ, ಕೈಯಲ್ಲಿರುವುದು ಕಾಣುತ್ತದೆ, ಅವಳ ಮುಖ ಕಾಣುತ್ತದೆ. ಹಿಂದಿನವಳು ಮೂವತ್ತೊಂದು ವರ್ಷದಲ್ಲಿ ಯಾವ ಮುಖಕ್ಕೂ ಅಷ್ಟು ಆಸೆಪಟ್ಟಿರಲಿಲ್ಲ.

ನಡೆದಳು. ಒಂದೊಂದೇ ಕಲ್ಲು ಮುಟ್ಟಿಸಿದಳು. ಹತ್ತನೆಯ ಕಲ್ಲು ದಾಟಿದಾಗ ಕಮರಿಯ ತಳದಿಂದ ದನಿ ಬಂತು.

“ಅಕ್ಕಾ.”

ಅವಳು ಬಾಯಿ ತೆರೆಯುವ ಮುಂಚೆಯೇ ಹಿಂದೆ ಕುಂಬಾರ ಶುರುಮಾಡಿದ. ಕೇಳಲಿಲ್ಲ. ಕೇಳಲಿಲ್ಲ. ಆ ಮನುಷ್ಯನ ಹಲ್ಲು ಕಟಕಟ ಅನ್ನುತ್ತಿತ್ತು. ಮೂರು ದಿನದ ಹಿಂದೆ ಅವನಿಗೆ ಇಂಥ ಭಯ ಗೊತ್ತಿರಲಿಲ್ಲ. ಹೆಂಡತಿಯನ್ನು ಮಣ್ಣುಮಾಡಿ ಬಂದಾಗಲೂ ಹೀಗೆ ನಡುಗಿರಲಿಲ್ಲ. ಈ ನಡುಕ ಅವನಿಗೆ ಕೊಟ್ಟವಳು ತಾನು. ಮೂರನೆಯ ಕೇಳಲಿಲ್ಲ ಅವನ ಬಾಯಿಂದ ಬೀಳುವ ಮೊದಲು ಹಿಂದಿನವಳು ನಿಂತಳು.

ನಿಂತು, ತಿರುಗಿದಳು. ಆ ಹಾದಿಯ ನಡುವೆ ಮುಂದೆ ನಡೆಯುವವರು ಯಾರೂ ತಿರುಗಿರಲಿಲ್ಲ. ತನ್ನ ಎದುರಿಗೆ ಹಿಂಗತ್ತಿನ ಬದಲು ಮುಖ ಕಂಡು ಕುಂಬಾರ ಕೊಡ ಬಿಟ್ಟುಬಿಟ್ಟ. ಅದು ಒಡೆದು ನೀರು ಹಾದಿಗೆ ಹರಿಯಿತು. ಹಿಂದಿನವಳು ಅವನ ಕೊಪ್ಪೆ ಕಳಚಿದಳು.

“ಕುಂಬಾರಣ್ಣ, ನನ್ನ ಕಣ್ಣು ನನ್ನದಲ್ಲ. ನಿನಗೆ ಏನು ಕಾಣುತ್ತದೆ, ನೀನು ಹೇಳು.”

ಕುಂಬಾರನ ಕಣ್ಣಿಗೆ ಇನ್ನೂ ಮೂರು ದಿನದ ಮಾತಷ್ಟೇ ಅಂಟಿತ್ತು. ಉಜ್ಜಿಕೊಂಡ. ಎಡಕ್ಕೆ ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ, ಕೆಂಪು ಜೇಡಿ ಇರುವ ಒಂದು ಇಳಿಜಾರು ಕಾಣುತ್ತದೆ, ಒಳ್ಳೆಯ ಮಣ್ಣು, ಮಡಕೆಗೆ ಬರುತ್ತದೆ ಎಂದ. ಕೆಳಗೆ ಗುಡಿಸಲಿವೆ, ಬಂಡೆಯ ಮೇಲೆ ಒಬ್ಬ ಹೆಣ್ಣುಮಗಳು ನಿಂತು ಕೂಗುತ್ತಿದ್ದಾಳೆ ಎಂದ. ಬಲಕ್ಕೆ ಏನು ಎಂದು ಅವಳು ಕೇಳಿದಳು. ಅವನು ಬಲಕ್ಕೆ ನೋಡಿ ತಲೆ ತಗ್ಗಿಸಿದ.

ಹಾಗಾದರೆ ನೀನು ಮುಂದೆ ಇಳಿ, ನಾನು ಹಿಂದೆ ಬರುತ್ತೇನೆ ಎಂದಳು.

ಕುಂಬಾರ ಹಾದಿಯಿಂದ ಎಡಗಾಲು ಹೊರಗಿಟ್ಟ. ಅವಳ ಕಣ್ಣಿಗೆ ಅವನು ಗಾಳಿಯಲ್ಲಿ ನಿಂತ. ಅವನ ಪಾದದ ಕೆಳಗೆ ಹದ್ದೊಂದು ಸುತ್ತುತ್ತಿತ್ತು. ಎರಡು ಹೆಜ್ಜೆ ಇಳಿದು ಅವನು ಕೈ ಚಾಚಿದ. ಅವಳ ಬೆನ್ನ ಹಿಂದೆ, ಬೇಲಿಯ ಹತ್ತಿರ, ಬಳೆಯ ಸದ್ದಾಯಿತು. ಹಸಿರು ಸೀರೆಯವಳು ತಿರುಗಿದ್ದಳು. ಮಗಳೇ ಎಂದು ಯಾರೋ ಕರೆದ ಹಾಗೂ ಆಯಿತು. ಹಿಂದಿನವಳು ಕುಂಬಾರನ ಕೈ ಹಿಡಿದು ನೀಲಿಯ ಮೇಲೆ ಕಾಲಿಟ್ಟಳು.

ಕಾಲಿಗೆ ಮಣ್ಣು ಸಿಕ್ಕಿತು. ಕಣ್ಣಿಗೆ ಸಿಗಲಿಲ್ಲ. ಇಡೀ ಇಳಿಜಾರನ್ನು ಅವಳು ಹಾಗೆ ಇಳಿದಳು, ಏನೂ ಇಲ್ಲದ ಕಡೆ ಹೆಜ್ಜೆ ಇಡುತ್ತ, ಪ್ರತಿ ಹೆಜ್ಜೆಗೂ ಸಾಯುತ್ತ. ಬುಡಕ್ಕೆ ಬಂದಾಗ ಯಾರದೋ ಎರಡು ಕೈಗಳು ಅವಳ ಮುಖವನ್ನು ಹಿಡಿದವು.

ಅದು ಅವಳ ತಂಗಿ. ಅಕ್ಕ ಮೇಕೆಮರಿಯ ಹಿಂದೆ ಓಡಿ ಹಾದಿ ಹತ್ತಿದ ದಿನ ತಂಗಿಗೆ ನಾಲ್ಕು ವರ್ಷ. ಅವಳು ಅಳಲಿಲ್ಲ. ಕೋಪದಲ್ಲಿದ್ದಳು. ಅವ್ವ ಒಂಬತ್ತು ವರ್ಷ ಈ ಬಂಡೆಯ ಮೇಲೆ ನಿಂತು ನಿನ್ನ ಹೆಸರು ಹಿಡಿದು ಕೂಗಿದಳು, ಗಂಟಲು ಒಡೆದು ಸತ್ತಳು, ಆಮೇಲೆ ನಾನು ನಿಂತೆ, ನೀನು ಆ ಬೋಳು ನೆಲಕ್ಕೆ ಕೈ ಬೀಸುತ್ತಿದ್ದೆ, ನಮ್ಮ ಕಡೆ ಒಂದು ಸಲ ಕತ್ತು ತಿರುಗಿಸಲಿಲ್ಲ ಎಂದಳು. ಮೊದಲ ದಿನ ಬರಿತಲೆಯಲ್ಲಿ ಬಂದಾಗ ನಿನ್ನ ಮುಖದಲ್ಲಿ ಅವ್ವನೇ ಎದ್ದು ಬಂದ ಹಾಗಿತ್ತು, ಕೂಗುವುದಕ್ಕೆ ದನಿಯೇ ಹೊರಡಲಿಲ್ಲ ಎಂದಳು.

ಒಂದು ಸಲವಾದರೂ ಮೇಲೆ ಹತ್ತಿ ಬರಬಹುದಿತ್ತಲ್ಲ ಎಂದು ಹಿಂದಿನವಳು ಕೇಳಿದಳು.

“ಆ ಹಾದಿ ತುಳಿದವರು ತಿರುಗಿ ಬರೋದಿಲ್ಲ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು ಅಕ್ಕ. ಅದಕ್ಕೆ ನೀನೇ ಸಾಕ್ಷಿ ಆಗಿದ್ದೆ.”

ಕುಂಬಾರ ಸಾಯಂಕಾಲ ದಿಣ್ಣೆ ಹತ್ತಿ ಊರಬಾಗಿಲಿಗೆ ಹೋದ. ನಿಜ ಹೇಳಿ ಬರುತ್ತೇನೆ ಎಂದು ಹೋದ. ಬಾಗಿಲು ಕಾಯುವವನು ಒಳಗಿನಿಂದ ಎಡ ಏನು ಎಂದು ಕೇಳಿದ. ಎಡಕ್ಕೆ ಒಂದು ಊರಿದೆ ಎಂದು ಇವನು ಹೇಳಿದ. ಬಲ ಏನು ಎಂದು ಇನ್ನೊಮ್ಮೆ ದನಿ ಬಂತು. ಏನೂ ಇಲ್ಲ ಎಂದ. ಬಾಗಿಲು ತೆರೆಯಲಿಲ್ಲ. ಕಮರಿ ಬಾಗಿಲಿಗೇ ಬಂದು ಮನುಷ್ಯರ ದನಿಯಲ್ಲಿ ಮಾತಾಡುತ್ತಿದೆ ಎಂದು ಒಳಗೆ ಯಾರೋ ಹೇಳಿದ್ದು ಅವನಿಗೆ ಕೇಳಿಸಿತು. ಆಮೇಲೆ ಮೂರು ಸಲ, ಹಲವು ದನಿಗಳು ಸೇರಿ, ಕೇಳಲಿಲ್ಲ ಎಂದವು. ಆ ಬಾಗಿಲು ಮತ್ತೆ ತೆರೆದದ್ದನ್ನು ಯಾರೂ ನೋಡಿಲ್ಲ. ಗೋಡೆಯ ಮೇಲೆ ಒಲೆಯ ಹೊಗೆ ಮಾತ್ರ ಏಳುತ್ತಿತ್ತು. ಅದರಲ್ಲಿ ಯಾವುದು ಅಯ್ಯನ ಹೆಂಡತಿಯ ಒಲೆ ಎಂದು ಹಿಂದಿನವಳು ಕೆಲವು ಸಲ ನೋಡುತ್ತ ಕೂರುತ್ತಿದ್ದಳು. ಕುಂಬಾರ ಇಳಿಜಾರಿನ ಮಣ್ಣ ತೆಗೆದು ಹೊಸ ತಿಗರಿ ಹೂಡಿದ.

ಹನ್ನೊಂದನೆಯ ದಿನ ಅವಳು ಅಯ್ಯನಿಗೆ ಎಡೆ ಇಡಬೇಕೆಂದಳು. ತಂಗಿ ಒಪ್ಪಲಿಲ್ಲ. ನಿನ್ನ ಕಣ್ಣು ಕಿತ್ತುಕೊಂಡವನಿಗೆ ಎಡೆಯೇ ಎಂದಳು. ಹಿಂದಿನವಳಿಗೆ ಬಿಸಿಲಲ್ಲಿ ದಣಿಯದೆ ನಡೆಯುವುದನ್ನು ಕಲಿಸಿದ್ದು ಅವರು. ಕಾಣದವರಿಗಾಗಿ ಅಳುವುದನ್ನು ಕಲಿಸಿದ್ದು ಅವರು. ಇವನ್ನೆಲ್ಲ ಯಾವ ಕಡೆಯಿಂದ ಹಿಡಿದು ಬೇರೆ ಮಾಡುವುದು ಎಂದು ಅವಳಿಗೆ ತೋಚಲಿಲ್ಲ. ಅಕ್ಕಿಯ ಕಲ್ಲು ಆರಿಸತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ತಂಗಿ ಒಳಗಿನಿಂದ ಬೆಲ್ಲ ತಂದು ಅವಳ ಮುಂದೆ ಕುಕ್ಕಿ ಹೋದಳು.

ವರ್ಷಗಳಾದವು. ಅವಳ ಕಣ್ಣಿಗೆ ಇಳಿಜಾರು ತಿರುಗಿ ಬರಲಿಲ್ಲ. ಬರಬರುತ್ತ ಗುಡಿಸಲು ಕಾಣತೊಡಗಿತ್ತು, ಜನ ಕಾಣುತ್ತಿದ್ದರು, ಮೇಕೆ ಕಾಣುತ್ತಿತ್ತು, ನೆಲ ಕಾಣುತ್ತಿರಲಿಲ್ಲ. ಎಲ್ಲವೂ ನೀಲಿಯ ಮೇಲೆ ತೇಲುತ್ತಿದ್ದವು. ಅವಳು ಕಮರಿಯ ಮೇಲೆ ಒಲೆ ಹೂಡಿ ಅಡುಗೆ ಮಾಡಿದಳು, ಕಮರಿಯ ಮೇಲೆ ಚಾಪೆ ಹಾಸಿದಳು, ಕಮರಿಯ ಮೇಲೆ ಕೂತು ಹಾಲು ಕರೆದಳು. ಕಲ್ಲಿದೆ ಅಕ್ಕ ಎಂದು ಯಾರಾದರೂ ಹೇಳಿದರೆ ನಂಬಿ ಕಾಲು ಎತ್ತಿಡುತ್ತಿದ್ದಳು. ಹೀಗೆ ನಂಬಿ ನಂಬಿ ಬದುಕು ಸಾಗಿತು. ಜನ ಅವಳನ್ನು ಕೆಂಚಕ್ಕ ಎಂದು ಕರೆದರು. ಮೊದಮೊದಲು ಆ ಹೆಸರು ಕೇಳಿದಾಗ ತುಟಿ ತಾನಾಗಿ ಅಲುಗುತ್ತಿತ್ತು. ಆಮೇಲೆ ಓಗೊಡುವುದನ್ನು ಕಲಿತಳು.

ತಂಗಿಯ ಕಿರಿಮಗಳಿಗೆ ಆಗ ಆರು ವರ್ಷ. ದೊಡ್ಡವ್ವನ ಸೆರಗು ಬಿಡುತ್ತಿರಲಿಲ್ಲ. ದೊಡ್ಡವ್ವ, ನಿನ್ನ ಕಮರಿ ಹೇಗಿದೆ, ಹೇಳು ಎಂದು ಕಾಡುತ್ತಿದ್ದಳು. ಕೆಂಚಕ್ಕ ಹೇಳುತ್ತಿದ್ದಳು. ಇದು ನನ್ನ ಕಣ್ಣಲ್ಲಿ ಮಾತ್ರ ಇರುವುದು, ನಿಜದಲ್ಲಿ ಇಲ್ಲ ಎಂದು ಮೊದಲೇ ಹೇಳಿ, ಆಮೇಲೆ ಹೇಳುತ್ತಿದ್ದಳು. ತಳದಲ್ಲಿ ದಾರದ ಹಾಗೆ ಒಂದು ಹೊಳೆ ಇದೆ. ಹದ್ದುಗಳ ಬೆನ್ನಿನ ಮೇಲೆ ಬಿಸಿಲು ಬಿದ್ದರೆ ಚಿನ್ನದ ಹಾಗೆ ಕಾಣುತ್ತದೆ. ನೀಲಿಯಲ್ಲಿ ನೂರು ಬಗೆ ಇದೆ. ಹೇಳುವಾಗ ಅವಳ ದನಿಗೆ ಬೇರೆಯೇ ಜೀವ ಬರುತ್ತಿತ್ತು. ಕೇರಿಯ ಮಕ್ಕಳೆಲ್ಲ ಬಂದು ಕೂರುತ್ತಿದ್ದರು. ದೊಡ್ಡವರೂ ಕೆಲಸ ಬಿಟ್ಟು ನಿಲ್ಲುತ್ತಿದ್ದರು.

ಒಂದು ಮಧ್ಯಾಹ್ನ ಕೆಂಚಕ್ಕ ಮೇಕೆಗೆ ಸೊಪ್ಪು ಹೊತ್ತು ಇಳಿಜಾರಿನಲ್ಲಿ ಬರುತ್ತಿದ್ದಳು. ಮಗು ಎಂದಿನಂತೆ ಮುಂದೆ ಕುಣಿಯುತ್ತ ಹೋಗುತ್ತಿತ್ತು. ಇದ್ದಕ್ಕಿದ್ದಂತೆ ನಿಂತಿತು. ಕಾಲ್ಬೆರಳು ಮಡಿಸಿಕೊಂಡಿತು. ಎಡಗಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದು, ಬಲಕ್ಕೆ ವಾಲಿ ನಿಂತಿತು.

“ದೊಡ್ಡವ್ವ, ಇಲ್ಲಿ ನೀಲಿ ಕಾಣುತ್ತಿದೆ.”

ಕೆಂಚಕ್ಕನ ತಲೆಯ ಮೇಲಿನ ಹೊರೆ ಬಿತ್ತು. ಅದು ಬಿದ್ದು ಉರುಳಿ ಎಲ್ಲಿಗೆ ಹೋಯಿತೆಂದು ಅವಳಿಗೆ ಕಾಣಲಿಲ್ಲ. ಮಗುವಿನ ಕಣ್ಣಲ್ಲಿ ನೋಡಿದಳು. ಅಲ್ಲಿ, ಆ ಸಣ್ಣ ಕಪ್ಪಿನೊಳಗೆ, ಒಂದು ಹದ್ದು ಸುತ್ತುತ್ತಿತ್ತು.

ಅಲ್ಲಿ ಏನೂ ಇಲ್ಲ ಎಂದು ಹೇಳಬಹುದಿತ್ತು. ಹೇಳಿದರೂ ಅದು ಇನ್ನೊಂದು ಮಾತೇ ಆಗುತ್ತಿತ್ತು, ಮಗು ಅದನ್ನೂ ನಂಬುತ್ತಿತ್ತು. ಕೆಂಚಕ್ಕ ಮಗುವಿನ ಕೈ ಹಿಡಿದುಕೊಂಡಳು. ಅವಳ ಕೈ ಬೆವರಿ ತಣ್ಣಗಾಗಿತ್ತು. ಅದು ಮಗುವಿಗೆ ತಿಳಿಯಿತು.

“ನಿನಗೆ ಭಯ ಆಗುತ್ತಾ ದೊಡ್ಡವ್ವ?”

“ಆಗುತ್ತೆ ಮಗಾ. ನೀನು ಓಡು.”

ಇಬ್ಬರೂ ಓಡಿದರು. ಕೆಂಚಕ್ಕ ಆ ಆಳದ ಮೇಲೆ ಉಸಿರು ಬಿಗಿಹಿಡಿದು ಓಡಿದಳು, ಮಗು ಮೊದಮೊದಲು ಅಳುತ್ತ ಓಡಿತು. ಆಮೇಲೆ ಅದರ ಕೈ ಅವಳ ಕೈಯಿಂದ ಜಾರಿತು. ಅದು ಮುಂದಾಯಿತು. ಇಳಿಜಾರು ಅದರ ಕಾಲನ್ನು ಎಳೆದುಕೊಳ್ಳುತ್ತಿತ್ತು. ಅಳು ಎಲ್ಲೋ ನಗುವಾಗಿತ್ತು. ಕೆಂಚಕ್ಕ ನಿಂತು ನೋಡಿದಳು. ನೀಲಿಯ ಮೇಲೆ ಓಡುತ್ತಿದ್ದ ಆ ಮಗುವಿನ ಹಿಮ್ಮಡಿಯಿಂದ ಕೆಂಪು ಧೂಳು ಏಳುತ್ತಿತ್ತು.